ಸೀಲಿಂಗ್ ಗಾರೆ ಉದುರಿದರೆ ಮೊದಲು ತಾರಸಿ ಹತ್ತಿ

ಮಳೆಗಾಲ ಮುಗಿಯುವ ಹೊತ್ತಿಗೆ ಹಳೇ ಮನೆಗಳ ಸೀಲಿಂಗ್‌ನಲ್ಲಿ ಕಂದು ಕಲೆ, ಪಕ್ಕದಲ್ಲೊಂದು ಉಬ್ಬು, ನೆಲದ ಮೇಲೆ ಗಾರೆ ಪುಡಿ ಕಾಣೋದು ಮಾಮೂಲು. ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿ ಸುಮ್ಮನಾಗ್ತೀವಿ. ಮುಂದಿನ ವರ್ಷ ಮತ್ತದೇ ಕಥೆ.

ಮೈಸೂರಿನ ನಮ್ಮ ಮನೆಗೆ 32 ವರ್ಷ. ಹೋದ ವರ್ಷ ಅಪ್ಪ-ಅಮ್ಮನ ಕೋಣೆಯಲ್ಲಿ ತಟ್ಟೆಯಗಲದ ಗಾರೆ ಮಂಚದ ಮೇಲೇ ಬಿತ್ತು. ಪುಣ್ಯಕ್ಕೆ ಆಗ ಯಾರೂ ಮಲಗಿರಲಿಲ್ಲ. “ಅರ್ಧ ದಿನದ ಕೆಲಸ ಸಾರ್, ಮೆತ್ತಿ ಕೊಡ್ತೀನಿ” ಅಂದರು ಮೇಸ್ತ್ರಿ. ಆದರೆ ಉದುರಿದ ಜಾಗದಲ್ಲಿ ತುಕ್ಕು ಹಿಡಿದ ಕಂಬಿ ಕಾಣ್ತಿತ್ತು. ಹಾಗಾಗಿ ನಾನು ಒಪ್ಪಲಿಲ್ಲ.

ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಕಾಂಕ್ರೀಟ್ ಒಳಗೆ ಅಷ್ಟು ಜಾಗ ಇಲ್ಲವಲ್ಲ, ಕೆಳಗಿನ ಪದರವನ್ನೇ ಬಿರಿದು ತಳ್ಳುತ್ತೆ. ಮೇಲಿಂದ ನೀರು ಇಳಿಯೋದು ನಿಲ್ಲದಿದ್ದರೆ ಹೊಸ ಗಾರೆಯೂ ಹೀಗೇ ಬೀಳುತ್ತೆ.

ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿದ್ವಿ. ಕಂಬಿ ಇನ್ನೂ ಗಟ್ಟಿ ಇದೆ ಅಂದ ಮೇಲೆ ತಾರಸಿ ಹತ್ತಿದ್ವಿ. “ಮಳೆ ಬಂದ ಮಾರನೇ ದಿನವೇ ಆ ಕಲೆ ದೊಡ್ಡದಾಗುತ್ತೆ ಕಣೋ” ಅಂತ ಅಮ್ಮ ಹೇಳಿದ್ದು ಸರಿಯಾಗಿತ್ತು. ಮಳೆನೀರಿನ ಪೈಪ್ ಬಾಯಿಯ ಸುತ್ತ ಬಿರುಕು ಬಿಟ್ಟಿತ್ತು. ಅದನ್ನು ತುಂಬಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಒಣಗಿದ ಮೇಲೆ 24 ಗಂಟೆ ಒಂದಿಂಚು ನೀರು ನಿಲ್ಲಿಸಿ ನೋಡಿದ್ವಿ. ಕೆಳಗೆ ಹೊಸ ತೇವ ಬರಲಿಲ್ಲ.

ಆಮೇಲೆ ಒಳಗಿನ ಕೆಲಸ ಹೀಗೆ ಸಾಗಿತು:

• ಆ ಕೋಣೆಯ ಕರೆಂಟ್ ತೆಗೆದು, ಫ್ಯಾನ್ ಬಿಚ್ಚಿದ್ದು. ಹೆಲ್ಮೆಟ್, ಕನ್ನಡಕ, ಮಾಸ್ಕ್ ಕಡ್ಡಾಯ.
• ಸಡಿಲವಾದದ್ದನ್ನೆಲ್ಲ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿದ್ದು.
• ಕಂಬಿಯ ಹಿಂಭಾಗವೂ ಸೇರಿ, ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಲ್ಲಿ ಉಜ್ಜಿ ಜಿಂಕ್ ಪ್ರೈಮರ್ ಬಳಿದದ್ದು.
• ಬಾಂಡಿಂಗ್ ಕೋಟ್ ಹಚ್ಚಿ, ಪಾಲಿಮರ್ ಮಾರ್ಟರ್ ಅನ್ನು ಪದರ ಪದರವಾಗಿ ತುಂಬಿದ್ದು.
• ಒಂದು ವಾರ ನೀರು ಚಿಮುಕಿಸಿ ಕ್ಯೂರಿಂಗ್. ಪೂರ್ತಿ ಒಣಗಿದ ಮೇಲಷ್ಟೇ ಪುಟ್ಟಿ, ಬಣ್ಣ.

ಕಂಬಿ ಕಾಣದೆ ಬರೀ ಗಾರೆ ಉದುರಿದ್ದರೆ ಕೆಲಸ ಇನ್ನೂ ಸುಲಭ. ಸೀಲಿಂಗ್‌ಗೆ ಸಾಮಾನ್ಯವಾಗಿ 6 ಮಿ.ಮೀ. ಗಾರೆ ಸಾಕು. ಮಟ್ಟ ಮಾಡಲು ದಪ್ಪಗೆ ಮೆತ್ತಿದಷ್ಟೂ ತೂಕ ಜಾಸ್ತಿ, ಬೀಳುವ ಅಪಾಯವೂ ಜಾಸ್ತಿ. ತೇವ ಇರುವ ಕಡೆ ಪಿಒಪಿ ಬೇಡ, ಅದು ನೀರಿಗೆ ತಡೆಯಲ್ಲ.

ಕಂಬಿ ಸವೆದು ತೆಳ್ಳಗಾಗಿದ್ದರೆ, ಸ್ಲ್ಯಾಬ್ ಜೋತಿದ್ದರೆ, ಬೀಮ್ ಬಿರುಕು ಬಿಟ್ಟಿದ್ದರೆ ಕೆತ್ತಲು ಹೋಗಲೇಬೇಡಿ. ಅಡಿಯಲ್ಲಿ ಆಸರೆ ಕೊಡದೆ ಕೆತ್ತಿದರೆ ಸ್ಲ್ಯಾಬೇ ಕುಸಿಯಬಹುದು. ಕೋಣೆ ಖಾಲಿ ಮಾಡಿ, ಎಂಜಿನಿಯರ್‌ಗೆ ಫೋನ್ ಮಾಡಿ. ಬಾಡಿಗೆ ಮನೆಯಾದರೆ ಫೋಟೊ, ವಿಡಿಯೊ ತೆಗೆದು ಓನರ್‌ಗೆ ಕಳಿಸಿ. ಬರೀ ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತೆ.

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಉದ್ದನೆ ಕೋಲು ಹಿಡಿದು, ಪಕ್ಕಕ್ಕೆ ಸರಿದು ನಿಂತು, ಸೀಲಿಂಗ್‌ನ ಕಲೆ ಬಿದ್ದ ಜಾಗಗಳನ್ನು ಮೆಲ್ಲಗೆ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಡಬ್ ಡಬ್ ಅಂತ ಟೊಳ್ಳು ಶಬ್ದ ಬಂದರೆ ಗಾರೆ ಬಿಟ್ಟುಕೊಂಡಿದೆ ಅಂತ ಅರ್ಥ. ಅದರ ಕೆಳಗಿರುವ ಮಂಚ, ತೊಟ್ಟಿಲು, ಕೆಲಸದ ಟೇಬಲ್ ಅವತ್ತೇ ಸರಿಸಿ. ರಿಪೇರಿಗೆ ವಾರ ಕಾಯಬಹುದು, ಅದರಡಿ ಮಲಗುವವರು ಕಾಯಬಾರದು.