ನಲವತ್ತು ಕಡ್ಡಿಯ ಗಾಲಿ

ದೇಹಭಾರವನ್ನು ಕುರಿತು ವೈದ್ಯರು ಆಡುವ ಮಾತಿನಲ್ಲಿ ಉಪದೇಶದ ಲೇಪ ತುಸುವಾದರೂ ಇರುವುದು. ಕಲಬುರಗಿಯ ಹಳೆಯ ಪೇಟೆಯಲ್ಲಿ ಸೈಕಲ್ಲಿನ ಗಾಲಿ ಕಟ್ಟುತ್ತ ಮುಪ್ಪಡರಿದ ಆ ಮಿಸ್ತ್ರಿಯ ಮಾತಿನಲ್ಲಾದರೋ ಅದು ಲವಲೇಶವೂ ಇಲ್ಲ. ಕ್ವಿಂಟಲಿನ ಸಮೀಪಕ್ಕೆ ತೂಗುವ ಗಿರಾಕಿಯೊಬ್ಬನು ಬಂದು, ತನ್ನ ಹಿಂದಿನ ಗಾಲಿಯ ಕಡ್ಡಿಗಳು ಮೇಲಿಂದ ಮೇಲೆ ಮುರಿಯುತ್ತಿವೆಯೆಂದು ದೂರಿದರೆ, ಅವರು ತೂಕವೆಷ್ಟೆಂದು ಕೇಳುವುದಿಲ್ಲ. "ಒಮ್ಮೆ ಮ್ಯಾಲ ಕೂಡ್ರಿ ಸಾಹೇಬ್ರ" ಎಂದು ಹೇಳಿ, ತಾವೇ ಹ್ಯಾಂಡಲ್ ಹಿಡಿದು ನಿಂತು, ನೆಲಕ್ಕೆ ತಾಗಿದ ಟಾಯರು ಎಷ್ಟು ಹರಡಿತೆಂಬುದನ್ನು ಬಗ್ಗಿ ನೋಡುವರು. ಅಷ್ಟರಿಂದಲೇ ಅವರಿಗೆ ಬೇಕಾದುದೆಲ್ಲ ತಿಳಿದುಹೋಗುವುದು. ಪತ್ರಿಕೆಯಲ್ಲಿ ಹೆಸರು ಬರುವುದು ತಮಗೆ ಬೇಡವೆಂದು ಅವರು ಕಟ್ಟುನಿಟ್ಟಾಗಿ ಹೇಳಿರುವುದರಿಂದ, ಈ ಲೇಖನದಲ್ಲಿ ಅವರು ಮಿಸ್ತ್ರಿಯಾಗಿಯೇ ಉಳಿಯುವರು.

ಸ್ಥೂಲಕಾಯರು ಸೈಕಲ್ ಕೊಳ್ಳುವಾಗ ಚೌಕಟ್ಟಿನ ದಪ್ಪವನ್ನು ನೋಡುವರು, ಬಣ್ಣವನ್ನು ನೋಡುವರು, ಸೀಟಿನ ಮೆತ್ತೆಯನ್ನು ಅಮುಕಿ ನೋಡುವರು. ಮೊದಲು ಸೋಲುವುದು ಇವಾವುವೂ ಅಲ್ಲ, ಹಿಂದಿನ ಗಾಲಿ. ಸವಾರನ ಭಾರದ ಅರ್ಧಕ್ಕಿಂತ ಹೆಚ್ಚಿನ ಪಾಲು ಅದರ ಮೇಲೆಯೇ ಬೀಳುವುದಲ್ಲದೆ, ಪೆಡಲು ತುಳಿದ ಬಲವೂ ಚೈನಿನ ಮೂಲಕ ಅಲ್ಲಿಗೇ ಹೋಗಿ ಸೇರುವುದು. ನಮ್ಮ ಹಳೆಯ ಕರಿಯ ಸೈಕಲ್ಲುಗಳಲ್ಲಿ ಮುಂದಿನ ಗಾಲಿಗೆ 32 ಕಡ್ಡಿಗಳನ್ನೂ ಹಿಂದಿನದಕ್ಕೆ 40 ಕಡ್ಡಿಗಳನ್ನೂ ಇಟ್ಟಿದ್ದುದರ ಮರ್ಮವಿದು. ಈಚಿನ ಗೇರಿನ ಸೈಕಲ್ಲುಗಳಲ್ಲಿ ಎರಡಕ್ಕೂ ಸಾಮಾನ್ಯವಾಗಿ 36, ಕೆಲವಕ್ಕೆ ಇನ್ನೂ ಕಡಮೆ. ಸಾಲದುದಕ್ಕೆ, ಬಲಬದಿಯಲ್ಲಿ ಗೇರಿನ ಹಲ್ಲುಚಕ್ರಗಳಿಗೆ ಎಡೆ ಮಾಡಿಕೊಡಬೇಕಾಗಿರುವುದರಿಂದ, ಆ ಬದಿಯ ಕಡ್ಡಿಗಳು ನೆಟ್ಟಗೆ ನಿಂತು ಬಹಳ ಬಿಗಿಯಾಗಿಯೂ, ಎಡಬದಿಯವು ಓರೆಯಾಗಿ ಸಡಿಲವಾಗಿಯೂ ಇರುವುವು.

ಕಡ್ಡಿ ಮುರಿಯುವುದು ಭಾರದಿಂದ ಎಂದು ನಾವು ತಿಳಿದಿರುವೆವು. ಮಿಸ್ತ್ರಿ ಅದನ್ನು ಒಪ್ಪುವುದಿಲ್ಲ. "ಭಾರಕ್ಕ ಕಡ್ಡಿ ಮುರಿಯಂಗಿಲ್ರಿ, ಸಡಿಲಕ್ಕ ಮುರೀತದ" ಎಂಬುದು ಅವರ ಸಿದ್ಧಾಂತ. ಅಮೆರಿಕದ ಜೋಬ್ಸ್ಟ್ ಬ್ರಾಂಟ್ ಎಂಬ ಇಂಜಿನಿಯರು ಸೈಕಲ್ಲಿನ ಗಾಲಿಯೊಂದನ್ನೇ ಕುರಿತು 1981ರಲ್ಲಿ ಬರೆದ ಗ್ರಂಥದ ಸಾರವೂ ಹೆಚ್ಚುಕಡಮೆ ಇದೇ. ಬಿಗಿದು ಕಟ್ಟಿದ ಗಾಲಿಯ ಮೇಲೆ ಭಾರ ಬಿದ್ದಾಗ, ಗಾಲಿಯ ನಡುವಣ ಹಬ್ಬಿನಿಂದ ನೆಲದತ್ತ ಚಾಚಿರುವ ನಾಲ್ಕಾರು ಕಡ್ಡಿಗಳು ತಮ್ಮ ಬಿಗಿಯಲ್ಲಿ ಒಂದಂಶವನ್ನು ಕಳೆದುಕೊಳ್ಳುವುವು. ಗಾಲಿ ಮುಂದಕ್ಕೆ ಉರುಳಿದೊಡನೆ ಅದನ್ನು ಮರಳಿ ಪಡೆಯುವುವು. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಕಮಲಾಪುರಕ್ಕಿರುವ ದೂರ 40 ಕಿಲೋಮೀಟರಿಗೆ ತುಸು ಕಡಮೆ. ಇಪ್ಪತ್ತೆಂಟು ಇಂಚಿನ ಗಾಲಿ ಅಷ್ಟು ದೂರದಲ್ಲಿ 16,000ಕ್ಕೂ ಹೆಚ್ಚು ಸುತ್ತು ಸುತ್ತುವುದೆಂದರೆ, ಒಂದೊಂದು ಕಡ್ಡಿಯೂ ಅಷ್ಟೇ ಸಲ ಸಡಿಲಗೊಂಡು ಅಷ್ಟೇ ಸಲ ಬಿಗಿದುಕೊಳ್ಳುವುದು. ಮೊದಲೇ ಬಿಗಿ ಸಾಲದೆ ಇದ್ದ ಕಡ್ಡಿಯು ಪ್ರತಿ ಸುತ್ತಿಗೂ ಪೂರ್ಣವಾಗಿ ಜೋಲುಬಿದ್ದು, ಹಬ್ಬಿನ ತೂತಿನಲ್ಲಿ ಅಲುಗಾಡಿ, ತನ್ನ ಮೊಣಕೈಯಂಥ ಬಾಗಿನಲ್ಲಿ ಸೀಳುಬಿಟ್ಟು, ಕಡೆಗೊಂದು ದಿನ ಹಳ್ಳದಿಣ್ಣೆಯೇನೂ ಇಲ್ಲದ ನುಣುಪು ರಸ್ತೆಯಲ್ಲಿ ಟಿಣ್ಣೆಂದು ತುಂಡಾಗುವುದು.

ಅವರು ಗಾಲಿ ಕಟ್ಟುವುದನ್ನು ನೋಡಲೆಂದೇ ನಾನು ಹೋಗಿದ್ದೆನಾದುದರಿಂದ, ಅದನ್ನು ತುಸು ವಿಸ್ತಾರವಾಗಿ ಹೇಳುವುದು ಸಲ್ಲುವುದೆಂದು ನಂಬಿದ್ದೇನೆ. ಶಹಾಬಾದಿನ ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಹಬ್ಬನ್ನು ತೊಡೆಯ ಮೇಲಿರಿಸಿಕೊಂಡು, ಕಡ್ಡಿಗಳನ್ನು ಒಂದು ಒಳಗಿನಿಂದ, ಒಂದು ಹೊರಗಿನಿಂದ ಪೋಣಿಸಿ, ಪ್ರತಿಯೊಂದೂ ತನ್ನ ಬದಿಯ ಮೂರು ಇಲ್ಲವೆ ನಾಲ್ಕು ಕಡ್ಡಿಗಳನ್ನು ಅಡ್ಡಹಾಯ್ದು ರಿಮ್ಮನ್ನು ಸೇರುವಂತೆ ಹೆಣೆಯುವರು. ಆ ಬಳಿಕ ನಿಪ್ಪಲುಗಳನ್ನು ಅರ್ಧರ್ಧ ಸುತ್ತಿನಂತೆ ತಿರುಗಿಸುತ್ತ ಎಲ್ಲವನ್ನೂ ಸಮನಾಗಿ ಬಿಗಿಗೊಳಿಸುವರು. ಅನಂತರ ತಲೆಕೆಳಗಾಗಿ ನಿಲ್ಲಿಸಿದ ಹಳೆಯ ಫೋರ್ಕಿನಲ್ಲಿ ಗಾಲಿಯನ್ನು ಸಿಕ್ಕಿಸಿ, ತಿರುಗಿಸಿ, ಸುದ್ದೆಯ ತುಂಡನ್ನು ಅಂಚಿಗೆ ಹಿಡಿದು, ಎಲ್ಲಿ ಗುರುತು ಬಿದ್ದಿತೋ ಅಲ್ಲಿಯ ಬೆಂಡು ತೆಗೆಯುವರು. ಇಷ್ಟನ್ನು ಬಲ್ಲವರು ಇತರರೂ ಇರಬಹುದು. ಆದರೆ ಇದೆಲ್ಲ ಮುಗಿದ ಮೇಲೆ ಅವರು ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ಅದರ ನಾದವನ್ನು ಕೇಳುವರು. ಬಳಿಕ ಜೋಡಿ ಜೋಡಿಯಾಗಿ ಕಡ್ಡಿಗಳನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಮುಖ ಕೆಂಪಾಗುವಷ್ಟು ಬಲವಾಗಿ ಹಿಂಡುವರು. ಬಾಗಿನಲ್ಲಿ ಅಡಗಿರುವ ಲೋಹದ ಒತ್ತಡವನ್ನು ಕಳೆಯಲು ಬ್ರಾಂಟ್ ಹೇಳುವ ಉಪಾಯವೂ ಇದೇ ಆಗಿದೆ. ಆ ಗ್ರಂಥದ ಹೆಸರನ್ನೂ ಕೇಳದ ಮಿಸ್ತ್ರಿಗೆ ಇದು ಬಂದದ್ದು ಅವರ ಉಸ್ತಾದರಿಂದ.

ಇತಿಹಾಸವನ್ನು ಕೇಳಿದರೆ ಅವರು ಉಸ್ತಾದರಿಂದ ಆಚೆಗೆ ಹೋಗುವುದಿಲ್ಲ. ಆ ಕೊರತೆಯನ್ನು ನಾನೇ ತುಂಬಬೇಕಾಯಿತು. ಹೀಗೆ ಓರೆಯಾಗಿ ಹೆಣೆದ ಗಾಲಿಗೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಸ್ವಾಮ್ಯಪತ್ರ ಪಡೆದನು. ಗಾಳಿ ತುಂಬುವ ಟಾಯರನ್ನು ಡನ್‌ಲಪ್ 1888ರಲ್ಲಿ ತಂದನು. ಅಟ್ಲಾಸ್ ಸಂಸ್ಥೆ 1951ರಲ್ಲಿ ಸೋನಿಪತ್ತಿನಲ್ಲಿಯೂ, ಹೀರೋ 1956ರಲ್ಲಿ ಲುಧಿಯಾನದಲ್ಲಿಯೂ ತಲೆಯೆತ್ತಿದ ಮೇಲೆ ಸೈಕಲ್ಲು ಬಡವನ ಕೈಗೂ ಎಟುಕಿತು. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗಿಸಿಕೊಂಡು ಬರುತ್ತಿದ್ದವರು, ಕಮಲಾಪುರದ ಕಡೆಯಿಂದ ಕೆಂಪು ಬಾಳೆಯ ಗೊನೆಗಳನ್ನು ಬಿಗಿದುಕೊಂಡು ಬರುತ್ತಿದ್ದವರು, ಇವರೇ ಮಿಸ್ತ್ರಿಯ ಹಳೆಯ ಗಿರಾಕಿಗಳು. ಆ ಬಾಳೆಗೆ ಈಗ ಭೌಗೋಳಿಕ ಸೂಚಕದ ಗೌರವ ದೊರೆತಿದೆ. ಅದನ್ನು ಹೊತ್ತ ಗಾಲಿಗಳಿಗೆ ಅಂಥದ್ದೇನೂ ದೊರೆಯಲಿಲ್ಲ. 2020ರ ಜೂನಿನಲ್ಲಿ ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆಯೂ ನಿಂತಿತು.

ದಪ್ಪನೆಯ ಸವಾರನಿಗೆ ಅವರು ಹೇಳುವ ಹಿತವಚನ ದೀರ್ಘವಾದುದಲ್ಲ. ಗೇರಿಲ್ಲದ ಸೈಕಲ್ಲಾದರೆ ಹಿಂದಕ್ಕೆ 40 ಕಡ್ಡಿಯ ಉಕ್ಕಿನ ರಿಮ್ಮು. ಗೇರಿನದಾದರೆ 36ಕ್ಕೆ ಕಡಮೆಯಿಲ್ಲದ, ಎರಡು ಗೋಡೆಯ ಅಲ್ಯೂಮಿನಿಯಂ ರಿಮ್ಮು. ತೆಳ್ಳನೆಯ ಟಾಯರಿನ ಮೋಹವನ್ನು ಬಿಟ್ಟು, ಚೌಕಟ್ಟಿನಲ್ಲಿ ಹಿಡಿಯುವಷ್ಟು ಅಗಲವಾದುದನ್ನು ಹಾಕಿ, ವಾರಕ್ಕೊಮ್ಮೆ ಗಾಳಿ ನೋಡಬೇಕು. ಗಾಳಿ ಕಡಮೆಯಾದ ಟಾಯರಿನಲ್ಲಿ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೆ ತಾಗುವುದು. ಮುರಿದ ಒಂದು ಕಡ್ಡಿಯನ್ನು ಹಾಗೆಯೇ ಬಿಟ್ಟು ಓಡಿಸಬಾರದು, ಅದರ ಭಾರ ನೆರೆಯವುಗಳ ಪಾಲಾಗುವುದು. ಬೇಸಿಗೆಯಲ್ಲಿ ಟ್ಯೂಬು ಒಡೆಯುವುದೆಂದು ಗಾಳಿ ಇಳಿಸುವಂತೆಯೂ ಅವರು ಹೇಳುವುದುಂಟು. ಇದಕ್ಕೆ ಮಾತ್ರ ನನ್ನ ಅಲ್ಪಸ್ವಲ್ಪ ಭೌತಶಾಸ್ತ್ರ ಸಮ್ಮತಿಸದು. ಇಪ್ಪತ್ತು ಡಿಗ್ರಿಯಿಂದ ನಲವತ್ತೈದಕ್ಕೆ ಏರಿದರೂ ಒಳಗಿನ ಒತ್ತಡ ನೂರಕ್ಕೆ ಎಂಟೊಂಬತ್ತು ಪಾಲಿಗಿಂತ ಹೆಚ್ಚಾಗದು. ನನ್ನಂಥ ದಪ್ಪನೆಯವರು ಗಾಳಿ ಇಳಿಸಿದರೆ ರಿಮ್ಮಿಗೇ ಅಪಾಯ. ನಾನು ಇದನ್ನು ಹೇಳಿದಾಗ ಅವರು ನಕ್ಕು, "ನಿಮ್ಮ ಗಾಲಿ, ನಿಮ್ಮ ಖುಷಿ" ಎಂದರು.

ಈಗ ಅವರ ಬಳಿ ಕಲಿಯುವವರಾರೂ ಇಲ್ಲ. ಗಾಲಿಗಳು ಯಂತ್ರದಿಂದ ಸಿದ್ಧವಾಗಿಯೇ ಬರುವುವು. ಬೆಂಡಾದರೆ ಇಡೀ ಗಾಲಿಯನ್ನೇ ಬದಲಿಸುವರು. ಹೊಸದಾಗಿ ಕಟ್ಟಿದ ಗಾಲಿಯಲ್ಲಿ ಕಡ್ಡಿಗಳು ಮೊದಲ ಓಟದಲ್ಲಿ ತಮ್ಮ ನೆಲೆಯಲ್ಲಿ ಕೂತುಕೊಳ್ಳುವುದರಿಂದ, ಅದನ್ನು ಒಮ್ಮೆ ಮರಳಿ ತಂದು ತೋರಿಸಬೇಕೆಂದು ಅವರು ಪ್ರತಿಯೊಬ್ಬರಿಗೂ ಹೇಳುವರು, ಅದಕ್ಕೆ ಕೂಲಿಯನ್ನೂ ಕೇಳುವುದಿಲ್ಲ. "ಕಮಲಾಪುರಕ್ಕ ಹೋಗಿ ಬಂದು ಒಮ್ಮೆ ತೋರಸ್ರಿ ಅಂತೀನಿ. ಹಾಲಿನವ್ರು ಬರ್ತಿದ್ರು, ಅವರ ಹೊಟ್ಟಿ ಗಾಲಿ ಮ್ಯಾಲ ಇತ್ತಲ್ರಿ. ಈಗಿನವ್ರು ಹೋದವ್ರು ಹೋದ್ರು." ಹಾಲಿನವರು ಇಂದಿಗೂ ಅದೇ ಬೀದಿಯಲ್ಲಿ ಹಾದುಹೋಗುವರು, ಆದರೆ ಮೋಟಾರು ಬೈಕಿನ ಮೇಲೆ, ಅವುಗಳಲ್ಲಿ ಎಷ್ಟೋ ಗಾಲಿಗಳಿಗೆ ಕಡ್ಡಿಯೇ ಇಲ್ಲ.