ದೊಡ್ಡಪ್ಪನ ಅಂಬಾಸಿಡರ್ ಮತ್ತು ಪದೇ ಪದೇ ಹೋಗುವ ಫ್ಯೂಸ್

ದಸರಾ ರಜೆಗೆ ಊರಿಗೆ ಹೋಗಿದ್ದೆ. ಕಾಫಿ ಕುಡಿದು ಲೋಟ ಕೆಳಗಿಡೋ ಮೊದಲೇ ದೊಡ್ಡಪ್ಪ ಶುರು ಮಾಡಿದರು: "ಎಲೆಕ್ಟ್ರಿಕಲ್ ಓದ್ತಿದ್ದೀಯಲ್ಲಪ್ಪಾ, ಈ ಗಾಡಿಗೇನಾಗಿದೆ ನೋಡು ಸ್ವಲ್ಪ."

ಗಾಡಿ ಅಂದ್ರೆ ಅವರ ಹಳೇ ಅಂಬಾಸಿಡರ್. ಪಾರ್ಕಿಂಗ್ ಲೈಟ್ ಹಾಕಿಕೊಂಡು ಹೊರಟರೆ ಸ್ವಲ್ಪ ದೂರಕ್ಕೇ ಫ್ಯೂಸ್ ಹೋಗ್ತಿತ್ತು. ಹಿಂದಿನ ಕೆಂಪು ಲೈಟು, ನಂಬರ್ ಪ್ಲೇಟ್ ಲೈಟು, ಡ್ಯಾಶ್‌ಬೋರ್ಡ್ ಲೈಟು ಎಲ್ಲಾ ಒಟ್ಟಿಗೆ ಬಂದ್. ಫ್ಯೂಸ್ ಹಾಕಿ ಹಾಕಿ ಬೇಜಾರಾಗಿ ಡ್ರೈವರ್ ಒಂದು ಉಪಾಯ ಮಾಡಿದ್ದ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ವಾಪಸ್ ಹಾಕಿದ್ದ. ಆಮೇಲೆ ಲೈಟ್ ಹೋಗಲಿಲ್ಲ, ಆದರೆ ಗಾಡಿಯೊಳಗೆ ಸುಟ್ಟ ವಾಸನೆ ಬರೋಕೆ ಶುರುವಾಯ್ತು. ಮುಂದಿನ ವಾರ ಅಕ್ಕನ ನಿಶ್ಚಿತಾರ್ಥಕ್ಕೆ ಮನೆಮಂದಿಯೆಲ್ಲ ರಾತ್ರಿ ಇದೇ ಗಾಡಿಯಲ್ಲಿ ಹೋಗಬೇಕಿತ್ತು.

ವಾಸನೆ ಎಲ್ಲಿಂದ ಬಂತು?

ಮನೆಯಲ್ಲಿ ಬಲ್ಬಿಗೆ ಎರಡು ವೈರ್ ಹೋಗುತ್ತೆ. ಇಂಥ ಕಾರಿನಲ್ಲಿ ಸಾಮಾನ್ಯವಾಗಿ ಒಂದೇ. ಬ್ಯಾಟರಿಯಿಂದ ಸ್ವಿಚ್ ಮೂಲಕ ಬಲ್ಬಿಗೆ ಒಂದು ವೈರ್, ವಾಪಸ್ ಬರೋ ದಾರಿ ಕಾರಿನ ಬಾಡಿಯೇ. ಅಂದ್ರೆ ಇಡೀ ಗಾಡಿಯ ಕಬ್ಬಿಣವೇ ಅರ್ತ್. ಹಾಗಾಗಿ ವೈರಿನ ಇನ್ಸುಲೇಷನ್ ಎಲ್ಲಾದರೂ ಸವೆದು ತಾಮ್ರ ಬಾಡಿಗೆ ತಾಗಿತು ಅಂದ್ರೆ ಕರೆಂಟ್ ಬಲ್ಬಿನವರೆಗೂ ಹೋಗದೆ ಅಲ್ಲಿಂದಲೇ ವಾಪಸ್ ಬರುತ್ತೆ. ಇದೇ ಶಾರ್ಟ್.

ಲೆಕ್ಕ ಹಾಕಿ ನೋಡಿ. 1.5 ಚದರ ಮಿಲಿಮೀಟರ್ ದಪ್ಪದ, 5 ಮೀಟರ್ ಉದ್ದದ ತಾಮ್ರದ ವೈರಿನ ರೆಸಿಸ್ಟೆನ್ಸ್ ಸುಮಾರು 0.06 ಓಮ್. ಬ್ಯಾಟರಿ, ಜಾಯಿಂಟುಗಳೆಲ್ಲ ಸೇರಿ ಒಟ್ಟು 0.1 ಓಮ್ ಅಂದುಕೊಂಡರೂ 12 ವೋಲ್ಟಿಗೆ 120 ಆಂಪಿಯರ್ ಹರಿಯುತ್ತೆ. ಆಗ ವೈರಿನಲ್ಲೇ 850 ವ್ಯಾಟಿನಷ್ಟು ಶಾಖ. ಇಸ್ತ್ರಿಪೆಟ್ಟಿಗೆಯ ಕಾಯಿಲನ್ನು ಸೀಟಿನ ಕೆಳಗೆ ಇಟ್ಟ ಹಾಗೆ! ಸರಿಯಾದ ಫ್ಯೂಸ್ ಇದ್ದರೆ ಕಣ್ಣು ಮಿಟುಕಿಸೋದರೊಳಗೆ ಕರಗಿ ಗಾಡಿ ಉಳಿಸುತ್ತೆ. ಬೆಳ್ಳಿ ಕಾಗದ ಎಷ್ಟು ಆಂಪಿಯರಿಗೆ ಕರಗುತ್ತೆ ಅಂತ ಯಾರು ಲೆಕ್ಕ ಇಟ್ಟಿದ್ದಾರೆ? ಹಿಂದುಗಡೆ ಬೇರೆ ಪೆಟ್ರೋಲ್ ಟ್ಯಾಂಕ್.

ಇನ್ನೊಂದು ವಿಷಯ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು 2014ರವರೆಗೆ ತಯಾರಿಸಿತು. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಿಗೆ ಇದ್ದದ್ದು ಎರಡೇ ಫ್ಯೂಸ್, ಹೆಡ್‌ಲೈಟಿಗೆ ಫ್ಯೂಸೇ ಇರ್ತಿರಲಿಲ್ಲ. ದೊಡ್ಡಪ್ಪನ ಗಾಡಿಗೆ ಹಿಂದೆ ಯಾರೋ ಪುಣ್ಯಾತ್ಮರು ಪಾರ್ಕಿಂಗ್ ಲೈನಿಗೆ ಬೇರೆ ಫ್ಯೂಸ್ ಹಾಕಿಸಿದ್ದರು.

ಮೀಟರ್ ನನ್ನನ್ನು ಮಂಗ ಮಾಡಿದ್ದು

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಫ್ಯೂಸ್ ತೆಗೆದು, ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಪಾರ್ಕಿಂಗ್ ಲೈನಿಗೂ ಬಾಡಿಗೂ ಹಿಡಿದೆ. ಬೀಪ್! "ಶಾರ್ಟ್ ಸಿಕ್ತು ದೊಡ್ಡಪ್ಪಾ" ಅಂತ ಕೂಗಿದೆ. ಪಕ್ಕದಲ್ಲಿ ಬೀಡಿ ಸೇದುತ್ತಾ ನಿಂತಿದ್ದ ನಮ್ಮೂರ ಆಟೋ ಎಲೆಕ್ಟ್ರಿಷಿಯನ್ ನಕ್ಕರು. "ಬಲ್ಬ್ ಎಲ್ಲಾ ಬಿಚ್ಚಿ ನೋಡಪ್ಪಾ." ಬಿಚ್ಚಿದೆ. ಬೀಪ್ ಮಾಯ.

ಆಮೇಲೆ ತಲೆಗೆ ಹೊಳೀತು. 5 ವ್ಯಾಟಿನ ಬಲ್ಬ್ ಉರಿಯುವಾಗ ಅದರ ರೆಸಿಸ್ಟೆನ್ಸ್ 28.8 ಓಮ್. ಆದರೆ ಟಂಗ್‌ಸ್ಟನ್ ಫಿಲಮೆಂಟ್ ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗದಷ್ಟೇ, ಅಂದ್ರೆ ಸುಮಾರು 3 ಓಮ್. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಹೀಗೆ ಐದು ಬಲ್ಬ್ ಪ್ಯಾರಲಲ್‌ನಲ್ಲಿ ಸೇರಿದರೆ 0.6 ಓಮ್! ಮೀಟರಿಗೆ ಇದಕ್ಕೂ ಶಾರ್ಟಿಗೂ ವ್ಯತ್ಯಾಸ ಕಾಣಲ್ಲ. ಮೊದಲ ಸೆಮಿಸ್ಟರಿನಲ್ಲೇ ಓದಿದ್ದೆ, ಕೈಗೆ ಬಂದಾಗ ಮರೆತಿದ್ದೆ.

ಫ್ಯೂಸ್ ಜಾಗಕ್ಕೆ ಬಲ್ಬು

"ಮೀಟರ್ ಆ ಕಡೆ ಇಡು, ಒಂದು ಇಂಡಿಕೇಟರ್ ಬಲ್ಬ್ ತಗೊಂಬಾ" ಅಂದರು ಅವರು. 21 ವ್ಯಾಟಿನ ಬಲ್ಬಿಗೆ ಎರಡು ವೈರ್ ಕಟ್ಟಿ ಫ್ಯೂಸ್ ಹೋಲ್ಡರಿನ ಎರಡು ತುದಿಗೆ ಸಿಕ್ಕಿಸಿದರು. ಬೇರೆ ಬಲ್ಬುಗಳೆಲ್ಲ ಬಿಚ್ಚಿಯೇ ಇದ್ದವು. ಬ್ಯಾಟರಿ ಜೋಡಿಸಿ ಪಾರ್ಕಿಂಗ್ ಸ್ವಿಚ್ ಹಾಕಿದರು.

ಉಪಾಯ ಸರಳ. ಲೈನ್ ಸರಿಯಿದ್ದರೆ ಕರೆಂಟಿಗೆ ದಾರಿಯೇ ಇಲ್ಲ, ಬಲ್ಬ್ ಉರಿಯಲ್ಲ. ಎಲ್ಲಾದರೂ ಶಾರ್ಟ್ ಇದ್ದರೆ ಪೂರ್ತಿ 12 ವೋಲ್ಟ್ ಈ ಬಲ್ಬಿಗೇ ಬಿದ್ದು ಜಗ್ಗನೆ ಉರಿಯುತ್ತೆ. ಆದರೂ ಹರಿಯೋದು 1.75 ಆಂಪಿಯರ್ ಮಾತ್ರ. ವೈರ್ ಬಿಸಿಯಾಗಲ್ಲ, ಫ್ಯೂಸ್ ದಂಡವಾಗಲ್ಲ, ಎಷ್ಟು ಹೊತ್ತು ಬೇಕಾದರೂ ಹುಡುಕಬಹುದು.

ನಮ್ಮ ಬಲ್ಬ್ ಉರಿಯಲಿಲ್ಲ! ಅವರು ಅವಸರ ಮಾಡಲಿಲ್ಲ. "ಗಾಡಿ ನಿಂತಾಗ ಶಾರ್ಟ್ ಇಲ್ಲ, ಓಡುವಾಗ ಆಗ್ತಿದೆ. ಓಡುವಾಗ ಹೇಗಿರುತ್ತೋ ಹಾಗೇ ಮಾಡೋಣ" ಅಂದರು. ಬಾಗಿಲು ಹಾಕಿದೆವು, ಬಾನೆಟ್ ಹಾಕಿದೆವು, ಟೂಲ್ಸ್ ತೆಗೆಯೋಕೆ ತೆರೆದಿದ್ದ ಡಿಕ್ಕಿ ಹಾಕಿದೆವು. ಡಿಕ್ಕಿ ಮುಚ್ಚಿದ ತಕ್ಷಣ ಬಲ್ಬ್ ಜಗ್ ಅಂತ ಹತ್ತಿಕೊಂಡಿತು.

ಅಲ್ಲಿಗೆ ಅನುಮಾನ ಹಿಂದಕ್ಕೆ ಹೋಯ್ತು, ಆದರೂ ಅವರು ಊಹೆ ನಂಬಲಿಲ್ಲ. ಮೊದಲು ಹಿಂದಕ್ಕೆ ಹೋಗುವ ಲೈನಿನ ಕನೆಕ್ಟರ್ ಎಳೆದರು. ಬಲ್ಬ್ ಆರಿತು. ಅಂದ್ರೆ ಮುಂದಿನ ಲೈಟು, ಡ್ಯಾಶ್‌ಬೋರ್ಡ್ ಎಲ್ಲಾ ನಿರಪರಾಧಿ. ಅದನ್ನು ಮತ್ತೆ ಸಿಕ್ಕಿಸಿ, ಹಿಂದೆ ಒಂದೊಂದೇ ಕವಲು ಬಿಚ್ಚಿ ಪ್ರತಿಸಲ ಡಿಕ್ಕಿ ಮುಚ್ಚಿ ನೋಡಿದೆವು. ಎಡಗಡೆಯದು ಬಿಚ್ಚಿದಾಗ ಬಲ್ಬ್ ಉರೀತಾನೇ ಇತ್ತು, ಬಲಗಡೆಯದು ಬಿಚ್ಚಿದಾಗಲೂ ಅಷ್ಟೇ. ನಂಬರ್ ಪ್ಲೇಟ್ ಲೈಟಿನದು ಬಿಚ್ಚಿದಾಗ ಆರಿತು. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಬೈನರಿ ಸರ್ಚ್ ಅಂತ ಓದ್ತೀವಲ್ಲ, ಹೆಚ್ಚು ಕಮ್ಮಿ ಅದೇ.

ಆ ವೈರ್ ಡಿಕ್ಕಿಯ ಹಿಂಜಿನ ಹತ್ತಿರ ಒಂದು ತೂತಿನಲ್ಲಿ ತೂರಿ ಮುಚ್ಚಳಕ್ಕೆ ಹೋಗುತ್ತೆ. ತೂತಿನಲ್ಲಿ ಇರಬೇಕಾದ ಗ್ರಾಮೆಟ್ ಅನ್ನೋ ರಬ್ಬರ್ ಬಳೆ ಪುಡಿಪುಡಿಯಾಗಿ ಉದುರಿಹೋಗಿತ್ತು. ಡಿಕ್ಕಿ ತೆಗೆದು ಮುಚ್ಚಿದಾಗಲೆಲ್ಲ ತಗಡಿನ ಅಂಚು ವೈರನ್ನು ಗರಗಸದ ಹಾಗೆ ತಿಂದಿತ್ತು. ಅರ್ಧ ಅಂಗುಲ ತಾಮ್ರ ಹೊಳೀತಿತ್ತು. ಅಲ್ಲಿಂದ ಹಿಂದಕ್ಕೆ ಒಂದು ಗೇಣು ಇನ್ಸುಲೇಷನ್ ಕಂದಾಗಿ ಗಟ್ಟಿಯಾಗಿತ್ತು. ವಾಸನೆ ಅದರದ್ದೇ.

ರಿಪೇರಿ

ಬರೀ ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಅಂಟು ಕರಗಿ ಜಾರುತ್ತೆ. ಸುಟ್ಟ ಭಾಗ ಪೂರ್ತಿ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು, ತೂತಿಗೆ ಹೊಸ ಗ್ರಾಮೆಟ್ ಕೂರಿಸಿದೆವು. ಡಿಕ್ಕಿ ಪೂರ್ತಿ ತೆರೆದಾಗ ಎಳೆಯದ ಹಾಗೆ ವೈರ್ ಸ್ವಲ್ಪ ಸಡಿಲ ಬಿಟ್ಟೆವು. ಹತ್ತು ಸಲ ಡಿಕ್ಕಿ ಬಡಿದರೂ ಟೆಸ್ಟ್ ಬಲ್ಬ್ ಉರಿಯಲಿಲ್ಲ.

ಫ್ಯೂಸ್ ಎಷ್ಟರದ್ದು? ಐದು ಬಲ್ಬ್ 25 ವ್ಯಾಟ್, ಡ್ಯಾಶ್‌ಬೋರ್ಡಿನವು ಸೇರಿ 30 ಅಂದುಕೊಳ್ಳಿ. 12ರಿಂದ ಭಾಗಿಸಿದರೆ 2.5 ಆಂಪಿಯರ್. 5 ಆಂಪಿಯರ್ ಫ್ಯೂಸ್ ಧಾರಾಳ ಸಾಕು.

ನೀವು ಮಾಡುವುದಾದರೆ ಎರಡು ಎಚ್ಚರ. ಬ್ರಿಟಿಷ್ ಪದ್ಧತಿಯಲ್ಲಿ ಪಾರ್ಕಿಂಗ್ ಲೈನಿಗೆ ಕೆಂಪು, ಹೆಡ್‌ಲೈಟಿಗೆ ನೀಲಿ, ಅರ್ತಿಗೆ ಕಪ್ಪು ವೈರ್. ಆದರೆ ಹತ್ತು ಕೈ ಬದಲಾದ ಗಾಡಿಯಲ್ಲಿ ಬಣ್ಣ ನಂಬಬೇಡಿ, ಪ್ರತಿ ವೈರನ್ನೂ ಪರೀಕ್ಷೆ ಮಾಡಿ. ಹಾಗೇ ತುಂಬಾ ಹಳೇ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತೆ. ಬ್ಯಾಟರಿ ಬಿಚ್ಚುವಾಗ ಬಾಡಿಗೆ ಹೋಗುವ ಟರ್ಮಿನಲ್ ಯಾವುದು ಅಂತ ನೋಡಿ, ಅದನ್ನೇ ಮೊದಲು ಬಿಚ್ಚಿ.

ನಿಶ್ಚಿತಾರ್ಥಕ್ಕೆ ರಾತ್ರಿಯೇ ಹೊರಟೆವು. ದಾರಿಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗಲೆಲ್ಲ ದೊಡ್ಡಪ್ಪ ಗಾಡಿ ಹಿಂದೆ ಹೋಗಿ ಕೆಂಪು ಲೈಟ್ ನೋಡಿ ಬರ್ತಿದ್ದರು. ಆ 21 ವ್ಯಾಟಿನ ಬಲ್ಬ್ ಈಗ ನನ್ನ ಹಾಸ್ಟೆಲ್ ಡ್ರಾಯರಿನಲ್ಲಿದೆ, ಮಲ್ಟಿಮೀಟರಿನ ಪಕ್ಕದಲ್ಲೇ.