ಮೂರು ಸಲ ಹೆಸರು ಕಳೆದುಕೊಂಡ ಬೆಟ್ಟ

2013ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನ ಉಚ್ಚ ನ್ಯಾಯಾಲಯ ಒಂದು ಚಹಾದ ಹೆಸರಿನ ವ್ಯಾಜ್ಯಕ್ಕೆ ತೀರ್ಪು ಕೊಟ್ಟಿತು. ಆ ಚಹಾ ಜಿನ್ ಜುನ್ ಮೇ. ಅದು ಹುಟ್ಟಿ ಆಗಿನ್ನೂ ಎಂಟೇ ವರ್ಷ. ಅದನ್ನು ಮೊದಲು ಮಾರುಕಟ್ಟೆಗೆ ತಂದ ಸಂಸ್ಥೆ 2007ರಲ್ಲಿ ಅರ್ಜಿ ಹಾಕಿ, ಈ ಹೆಸರನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಬೇಕೆಂದು ಕೇಳಿತ್ತು. ಅದೇ ಊರಿನ ಇನ್ನೊಂದು ಸಂಸ್ಥೆ ತಕರಾರು ತೆಗೆಯಿತು. ವರ್ಷಗಟ್ಟಲೆ ಜಗ್ಗಾಡಿದ ಮೇಲೆ ನ್ಯಾಯಾಲಯ ಹೇಳಿದ್ದಿಷ್ಟು: ಜಿನ್ ಜುನ್ ಮೇ ಎಂಬುದು ಒಂದು ಬಗೆಯ ಚಹಾಕ್ಕೆ ಜನ ಬಳಸುವ ಸಾಮಾನ್ಯ ಹೆಸರಾಗಿದೆ, ಅದು ಯಾರೊಬ್ಬರ ಸ್ವತ್ತೂ ಅಲ್ಲ.

ಈ ತೀರ್ಪಿನ ಜಾಡು ಹಿಡಿದು ಹಿಂದೆ ಹಿಂದೆ ಹೋದೆ. ಸಿಕ್ಕಿದ್ದು ಒಂದು ಬೆಟ್ಟದ ಕಥೆ. ತಾನು ಹೆತ್ತ ಚಹಾದ ಹೆಸರನ್ನು ಆ ಬೆಟ್ಟ ಕಳೆದುಕೊಂಡದ್ದು ಇದು ಮೊದಲ ಸಲವಲ್ಲ, ಮೂರನೆಯ ಸಲ.

ಚೀನಾದ ಆಗ್ನೇಯಕ್ಕೆ ಫುಜಿಯಾನ್ ಪ್ರಾಂತ್ಯ. ಅದರ ವಾಯವ್ಯ ಅಂಚಿನಲ್ಲಿ, ಜಿಯಾಂಗ್‌ಶಿ ಪ್ರಾಂತ್ಯದ ಗಡಿಗೆ ಒರಗಿಕೊಂಡು ವುಯಿ ಬೆಟ್ಟಸಾಲು ಇದೆ. ಅದರ ಮಡಿಲಲ್ಲಿರುವ ಹಳ್ಳಿ ತೊಂಗ್‌ಮು. ಸುತ್ತ ಬಿದಿರುಮೆಳೆ, ಪೈನ್ ಕಾಡು, ಮುಗಿಯದ ಮಂಜು. ಚಹಾ ಗಿಡಗಳು ಇಲ್ಲಿ ಸಾಲುಸಾಲಾಗಿ ಕತ್ತರಿಸಿಕೊಂಡು ನಿಂತಿಲ್ಲ. ಕಾಡಿನ ನಡುವೆ ಸಿಕ್ಕ ಸಿಕ್ಕ ಇಳಿಜಾರಿನಲ್ಲಿ ಬೆಳೆದಿವೆ. ಈ ಬೆಟ್ಟಸಾಲು 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳ್ಳಿ ರಕ್ಷಿತಾರಣ್ಯದ ಒಳಗಿದೆ, ಹೊರಗಿನವರು ಮನಬಂದಂತೆ ಹೋಗುವಂತಿಲ್ಲ.

ಜಗತ್ತಿನ ಮೊದಲ ಬ್ಲ್ಯಾಕ್ ಟೀ ಹುಟ್ಟಿದ್ದು ಇಲ್ಲಿ ಎಂಬುದು ಚೀನಿಯರ ಗಟ್ಟಿ ನಂಬಿಕೆ. ಹುಟ್ಟಿನ ಬಗ್ಗೆ ಊರವರು ಹೇಳುವ ಕಥೆ ಹೀಗಿದೆ. ಮಿಂಗ್ ಅರಸರ ಆಳ್ವಿಕೆ ಮುಗಿಯುತ್ತಿದ್ದ ಕಾಲ. ಕೊಯ್ಲಿನ ದಿನಗಳಲ್ಲೇ ಒಂದು ದಂಡು ಹಳ್ಳಿಗೆ ಬಂದು ಬೀಡುಬಿಟ್ಟಿತು. ಆಗ ತಾನೆ ಕಿತ್ತು ಹರವಿದ್ದ ಸೊಪ್ಪಿನ ಮೇಲೆಯೇ ಸೈನಿಕರು ಮಲಗಿದರು. ದಂಡು ಹೊರಡುವ ಹೊತ್ತಿಗೆ ಸೊಪ್ಪು ಜಜ್ಜಿ, ಕಾವು ಏರಿ, ಕೆಂಪಾಗಿತ್ತು. ವರ್ಷದ ಅನ್ನ ಅದು, ಎಸೆಯುವುದು ಹೇಗೆ? ಹತ್ತಿರದಲ್ಲಿದ್ದ ಪೈನ್ ಸೌದೆ ಉರಿಸಿ ಅವಸರದಲ್ಲಿ ಒಣಗಿಸಿದರು. ಸಿಕ್ಕಷ್ಟು ಸಿಗಲಿ ಎಂದು ಶಿಂಗ್‌ಸುನ್ ಪೇಟೆಯಲ್ಲಿ ಮಾರಿಬಂದರು. ಮರುವರ್ಷ ವ್ಯಾಪಾರಿಗಳು ಎರಡು ಮೂರು ಪಟ್ಟು ಬೆಲೆ ಕೊಡುತ್ತೇವೆಂದು ಅದೇ ಸೊಪ್ಪನ್ನು ಹುಡುಕಿಕೊಂಡು ಬಂದರು.

ಕಥೆಗೆ ದಾಖಲೆಯ ಆಧಾರವಿಲ್ಲ. ಆದರೆ ಅದರೊಳಗೆ ಚಹಾ ಮಾಡುವ ವಿದ್ಯೆ ಪೂರ್ತಿ ಅಡಗಿದೆ. ಸೊಪ್ಪು ಬಾಡಬೇಕು, ಜಜ್ಜಿ ರಸ ಹೊರಗೆ ಬರಬೇಕು, ಗಾಳಿ ತಾಗಿ ಕೆಂಪಾಗಬೇಕು, ಆಮೇಲೆ ಬಿಸಿ ಕೊಟ್ಟು ನಿಲ್ಲಿಸಬೇಕು. ಹಸಿರು ಚಹಾಕ್ಕೆ ಕೊಯ್ದ ಸೊಪ್ಪನ್ನು ಬೇಗನೆ ಹುರಿದು ಕೆಂಪಾಗದಂತೆ ತಡೆಯುತ್ತಾರೆ. ಇಲ್ಲಿ ಕೆಂಪಾಗಲು ಬಿಡುತ್ತಾರೆ. ನಾವು ಬ್ಲ್ಯಾಕ್ ಟೀ ಎನ್ನುವುದನ್ನು ಚೀನಿಯರು ಇಂದಿಗೂ ಹೊಂಗ್ ಚಾ, ಕೆಂಪು ಚಹಾ, ಎಂದೇ ಕರೆಯುತ್ತಾರೆ.

ತೊಂಗ್‌ಮುವಿನ ಹಳೆಯ ಚಹಾಮನೆ ಮರದ ಮೂರಂತಸ್ತಿನ ಕಟ್ಟಡ. ಕೆಳಗೆ ಪೈನ್ ಕೊರಡು ನಿಧಾನ ಉರಿಯುತ್ತದೆ. ಮೇಲಿನ ಅಟ್ಟಗಳಲ್ಲಿ ಹಸಿ ಸೊಪ್ಪು ಹೊಗೆಯ ಬೆಚ್ಚಗೆಯಲ್ಲಿ ಬಾಡುತ್ತದೆ. ಬಾಡಿದ ಸೊಪ್ಪನ್ನು ಹೊಸೆದು, ಕೆಂಪಾಗಿಸಿ, ಕಾದ ಬಾಣಲೆಯಲ್ಲಿ ಒಮ್ಮೆ ಕೈಯಾಡಿಸಿ, ಮತ್ತೆ ಹೊಸೆಯುತ್ತಾರೆ. ಆಮೇಲೆ ಬಿದಿರಿನ ಜರಡಿಗಳಲ್ಲಿ ತೆಳ್ಳಗೆ ಹರವಿ ಕೆಳ ಅಂತಸ್ತಿನ ಹೊಗೆಯಲ್ಲಿ ಒಣಗಿಸುತ್ತಾರೆ. ಮಲೆನಾಡಿನಲ್ಲಿ ಮಳೆಗಾಲದ ಉಪ್ಪಾಗೆ ಸಿಪ್ಪೆಯನ್ನು ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸುವುದನ್ನು ಕಂಡವರಿಗೆ ಈ ಜಾಣತನ ಕೂಡಲೇ ಅರ್ಥವಾಗುತ್ತದೆ. ಬಿಸಿಲು ಕಾಣದ ಊರಿನವರಿಗೆ ಹೊಗೆಯೇ ಬಿಸಿಲು.

ಇನ್ನು ಹೆಸರುಗಳ ವಿಚಾರ. ವುಯಿ ಎಂಬುದನ್ನು ಫುಜಿಯಾನ್‌ನ ಆಡುಮಾತಿನಲ್ಲಿ ಕೇಳಿಸಿಕೊಂಡ ಐರೋಪ್ಯ ವ್ಯಾಪಾರಿಗಳು ಬೊಹೀ ಎಂದು ಬರೆದುಕೊಂಡರು. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಬೊಹೀ ಎಂದರೆ ಸಿರಿವಂತರ ಮನೆಯ ಉತ್ತಮ ಚಹಾ. ಬೇಡಿಕೆ ಏರಿದಂತೆ ಎಲ್ಲೆಲ್ಲಿಯದೋ ಸೊಪ್ಪು ಅದೇ ಹೆಸರಿನಲ್ಲಿ ಹಡಗು ಹತ್ತಿತು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ವಸಾಹತಿನ ಜನ ಸಮುದ್ರಕ್ಕೆಸೆದ 340 ಪೆಟ್ಟಿಗೆ ಚಹಾದಲ್ಲಿ 240 ಪೆಟ್ಟಿಗೆ ಬೊಹೀ. ಕೊನೆಕೊನೆಗೆ ಬೊಹೀ ಎಂದರೆ ಅಗ್ಗದ, ಕಳಪೆ ದರ್ಜೆಯ ಮಾಲು ಎಂದಾಯಿತು. ಬೆಟ್ಟದ ಮೊದಲ ಹೆಸರು ಹೋಯಿತು.

ಎರಡನೆಯದು ಶಿಯಾವೊಝೊಂಗ್, ಎಂದರೆ ಸಣ್ಣ ತಳಿ. ಐರೋಪ್ಯರ ಬಾಯಲ್ಲಿ ಅದು ಸೂಚಾಂಗ್ ಆಯಿತು. ಹೊಗೆಯ ಚಹಾಕ್ಕೆ ಲಾಪ್‌ಸಾಂಗ್ ಸೂಚಾಂಗ್ ಎಂಬ ಹೆಸರು ನಿಂತಿತು. ಸುತ್ತಲಿನ ಜಿಲ್ಲೆಗಳವರು ಸಾಧಾರಣ ಸೊಪ್ಪಿಗೆ ದಟ್ಟ ಹೊಗೆ ಹಿಡಿಸಿ ಅದೇ ಹೆಸರಿನಲ್ಲಿ ಮಾರತೊಡಗಿದರು. ತೊಂಗ್‌ಮುವಿನವರು ತಮ್ಮದನ್ನು ಬೇರೆ ಮಾಡಿ ತೋರಿಸಲು ಝೆಂಗ್‌ಶಾನ್ ಎಂಬ ಮಾತನ್ನು ಮುಂದೆ ಸೇರಿಸಬೇಕಾಯಿತು. ಹಾಗೆಂದರೆ ನಿಜವಾದ ಬೆಟ್ಟ. ತನ್ನ ಬೆಟ್ಟವೇ ನಿಜವೆಂದು ಒಂದು ಊರು ಹೆಸರಿನಲ್ಲೇ ಸಾರಿಕೊಳ್ಳಬೇಕಾದರೆ ಎಷ್ಟು ನೊಂದಿರಬೇಕು! ಇತ್ತ ಭಾರತ, ಸಿಂಹಳದ ತೋಟಗಳಲ್ಲಿ ಸೂಚಾಂಗ್ ಎಂಬುದು ದೊಡ್ಡ ಎಲೆಯ ದರ್ಜೆಗೆ ಅಂಟಿಕೊಂಡು, ಪೆಕೋ ಸೂಚಾಂಗ್ ಎಂದು ಪೆಟ್ಟಿಗೆಗಳ ಮೇಲೆ ಅಚ್ಚಾಯಿತು. ಸಣ್ಣ ತಳಿಯ ಹೆಸರು ದೊಡ್ಡ ಎಲೆಗೆ ಹೋಯಿತು.

ಹೆಸರಿನ ಜೊತೆಗೆ ಗಿಡವೂ ಬೆಟ್ಟ ಇಳಿಯಿತು. ಹಸಿರು ಚಹಾ ಮತ್ತು ಬ್ಲ್ಯಾಕ್ ಟೀ ಎರಡು ಬೇರೆ ಗಿಡಗಳವೆಂದು ಯೂರೋಪು ಬಹುಕಾಲ ನಂಬಿತ್ತು. ಲಿನ್ನೇಯಸ್ 1762ರಲ್ಲಿ ಎರಡು ಪ್ರತ್ಯೇಕ ಹೆಸರುಗಳನ್ನೇ ಇಟ್ಟಿದ್ದ. ಅದು ತಪ್ಪು, ಎರಡೂ ಒಂದೇ ಗಿಡದ ಎಲೆ ಎಂದು ಕಣ್ಣಾರೆ ಕಂಡು ಬರೆದವನು ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ತೋಟಗಾರ. ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ತಲೆ ಬೋಳಿಸಿ, ಜಡೆ ಕಟ್ಟಿಕೊಂಡು, ಚೀನೀ ವೇಷದಲ್ಲಿ 1849ರಲ್ಲಿ ವುಯಿ ಬೆಟ್ಟ ಹತ್ತಿದ. ಅವನು ಕಳಿಸಿದ ಗಿಡ, ಬೀಜ, ಜೊತೆಗೆ ಕರೆತಂದ ಚೀನೀ ಕೆಲಸಗಾರರು ಹಿಮಾಲಯದ ತಪ್ಪಲಿನ ತೋಟಗಳನ್ನು ಸೇರಿದರು.

ನಮ್ಮ ಬಾಯಲ್ಲೂ ಈ ಪಯಣದ ಗುರುತಿದೆ. ಫುಜಿಯಾನ್‌ನ ದಕ್ಷಿಣ ಕರಾವಳಿಯವರು ಚಹಾಕ್ಕೆ ತೆ ಎನ್ನುತ್ತಾರೆ. ಡಚ್ಚರ ಹಡಗಿನಲ್ಲಿ ಅದು ಯೂರೋಪಿಗೆ ಹೋಗಿ ಇಂಗ್ಲಿಷಿನಲ್ಲಿ ಟೀ ಆಗಿ ಇಲ್ಲಿಗೆ ಬಂತು. ಚೀನಾದ ಉಳಿದೆಡೆ ಅದು ಚಾ. ಧಾರವಾಡದವರು ಚಹಾ ಕೇಳುತ್ತಾರೆ, ಮೈಸೂರಿನವರು ಟೀ ಕೇಳುತ್ತಾರೆ. ಎರಡು ಮಾತಿನ ಬೇರೂ ಚೀನಾದಲ್ಲೇ ಇದೆ.

20ನೇ ಶತಮಾನ ಮುಗಿಯುವ ಹೊತ್ತಿಗೆ ತೊಂಗ್‌ಮುವಿನ ಚಹಾಕ್ಕೆ ಬೆಲೆ ಕುಸಿದಿತ್ತು. 2005ರ ಬೇಸಿಗೆಯಲ್ಲಿ ಬೀಜಿಂಗ್‌ನಿಂದ ಬಂದ ಕೆಲವು ಅತಿಥಿಗಳು ಅಲ್ಲಿನ ಚಹಾ ಮನೆತನದ ಜಿಯಾಂಗ್ ಯುವಾನ್‌ಶುನ್ ಅವರೊಡನೆ ಮಾತಿಗೆ ಕುಳಿತಿದ್ದರು. ಬೆಲೆಬಾಳುವ ಹಸಿರು ಚಹಾಕ್ಕೆ ಬರೀ ಮೊಗ್ಗು ಕೀಳುತ್ತಾರಲ್ಲ, ಕೆಂಪು ಚಹಾವನ್ನೂ ಮೊಗ್ಗಿನಿಂದ ಮಾಡಬಾರದೇಕೆ ಎಂದು ಅವರಲ್ಲೊಬ್ಬರು ಕೇಳಿದರಂತೆ. ಚಿಗುರಿನ ಮೊಗ್ಗು ಮಾತ್ರ ಕಿತ್ತು ತರಿಸಿದರು. ಹೊಗೆ ತಾಕಿಸದೆ ಮಾಡಿದರು. ಅದೇ ಜಿನ್ ಜುನ್ ಮೇ. ಅರ್ಧ ಕಿಲೋ ಚಹಾಕ್ಕೆ 50,000ಕ್ಕೂ ಹೆಚ್ಚು ಮೊಗ್ಗು ಬೇಕು. ಜಿನ್ ಎಂದರೆ ಚಿನ್ನ, ಜುನ್ ಎಂದರೆ ಉತ್ತಮ ಕುದುರೆ, ಮೇ ಎಂದರೆ ಹುಬ್ಬು. ಹೊಸೆದ ಮೊಗ್ಗಿಗೆ ಹುಬ್ಬಿನ ಬಾಗು ಇದೆ. ನಡುವಿನ ಜುನ್, ಅದನ್ನು ಮಾಡಿದ ನುರಿತ ಕೈ ಲಿಯಾಂಗ್ ಜುಂದೆ ಅವರ ಹೆಸರಿನದು ಎನ್ನುವವರೂ ಇದ್ದಾರೆ. ಕೀರ್ತಿ ಯಾರದೆಂಬ ಚರ್ಚೆ ಆ ಊರಿನಲ್ಲಿ ಬಿಸಿಯಾಗಿಯೇ ಇದೆ. ಹೆಸರು ಚೀನಾದ ತುಂಬ ಹರಡಿತು, ಬೇರೆ ಪ್ರಾಂತ್ಯದ ಮೊಗ್ಗುಗಳೂ ಆ ಹೆಸರು ಹೊತ್ತವು. ಕಡೆಗೆ ನ್ಯಾಯಾಲಯವೇ ಅದನ್ನು ಎಲ್ಲರದೆಂದಿತು.

ಕಳೆದ ಮಳೆಗಾಲದಲ್ಲಿ ಗೆಳೆಯರೊಬ್ಬರು ತೊಂಗ್‌ಮುವಿನ ಎರಡು ಪುಟ್ಟ ಪೊಟ್ಟಣ ತಂದುಕೊಟ್ಟರು, ಒಂದು ಹೊಗೆಯದು, ಒಂದು ಜಿನ್ ಜುನ್ ಮೇ. ಮುಚ್ಚಳವಿರುವ 100 ಮಿಲಿಲೀಟರಿನ ಪಿಂಗಾಣಿ ಬಟ್ಟಲಿಗೆ ಕುದಿನೀರು ಹುಯ್ದು ಬೆಚ್ಚಗೆ ಮಾಡಿ ಚೆಲ್ಲಿದೆ. 4 ಗ್ರಾಂ ಮೊಗ್ಗು ಹಾಕಿದೆ. ಕುದಿ ಇಳಿದು 90 ಡಿಗ್ರಿಯಷ್ಟಾದ ನೀರನ್ನು ಅಂಚಿನಿಂದ ಸುರಿದು, ಹತ್ತು ಎಣಿಸಿ ಸೋಸಿದೆ. ಹಾಲಿಲ್ಲ, ಸಕ್ಕರೆಯಿಲ್ಲ. ಲೋಟದ ಅಂಚಿಗೆ ಚಿನ್ನದ ಉಂಗುರ ಕಟ್ಟಿತು. ಮುಚ್ಚಳ ಮೂಸಿದರೆ ಜೇನು, ಕೆಂಡದಲ್ಲಿ ಸುಟ್ಟ ಗೆಣಸು. ಅದೇ ಎಲೆಗೆ ಎಂಟು ಸಲ ನೀರು ಹಾಕಿದೆ, ಪ್ರತಿ ಸಲ ಕೆಲವು ಕ್ಷಣ ಹೆಚ್ಚು ಬಿಟ್ಟೆ.

ಹೊಗೆಯ ಚಹಾಕ್ಕೆ ಕುದಿಯುವ ನೀರೇ ಸರಿ. ಸದ್ದಾಗುವಂತೆ ಗಾಳಿಯೊಂದಿಗೆ ಹೀರಿದೆ. ಮೊದಲು ಪೈನ್ ಸೌದೆ, ಅದರ ಹಿಂದೆಯೇ ಲಿಚಿಯ ಬಳಗದ ಲಾಂಗನ್ ಹಣ್ಣನ್ನು ಒಣಗಿಸಿದಂಥ ಸಿಹಿ. ಹಳೆಯ ಮನೆಯ ಅಟ್ಟದಿಂದ ಇಳಿಸಿದ ಬೆಲ್ಲದ ವಾಸನೆ ನೆನಪಾಯಿತು. ನುಂಗಿದ ಮೇಲೆ ಗಂಟಲಿನಿಂದ ಒಂದು ಸಿಹಿ ಮರಳಿ ಬಂತು. ಚೀನಿಯರು ಅದಕ್ಕೆ ಹುಯಿ ಗಾನ್ ಎನ್ನುತ್ತಾರೆ. ನೆಲ್ಲಿಕಾಯಿ ತಿಂದು ನೀರು ಕುಡಿದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಸಂಕಟವಿರುವುದು ಈ ಎರಡನೆಯ ಬಟ್ಟಲಿನ ಬಗ್ಗೆ. ಮೊಗ್ಗಿನ ಚಹಾಕ್ಕೆ ಸಾವಿರಾರು ಯುವಾನ್ ಸಿಗುವಾಗ ಹೊಗೆಯಲ್ಲಿ ಕಣ್ಣುರಿಸಿಕೊಳ್ಳುವವರು ಎಷ್ಟು ಮಂದಿ ಉಳಿದಾರು? ರಕ್ಷಿತಾರಣ್ಯದ ಪೈನ್ ಕಡಿಯುವಂತಿಲ್ಲ, ಆ ನಿಯಮ ನ್ಯಾಯವೇ. ಹೊರಗಿನಿಂದ ಮರ ತರೋಣವೆಂದರೆ ಪೈನ್ ಕಾಡನ್ನೇ ಕೊಲ್ಲುವ ಜಂತುಹುಳುವಿನ ಭಯ. ಹೊಗೆಯಲ್ಲಿ ಹುಟ್ಟುವ ಆಂಥ್ರಾಕ್ವಿನೋನ್ ಎಂಬ ರಾಸಾಯನಿಕಕ್ಕೆ ಯುರೋಪಿಯನ್ ಒಕ್ಕೂಟ ಕಿಲೋಗೆ 0.02 ಮಿಲಿಗ್ರಾಂ ಮಿತಿ ಹಾಕಿದ ಮೇಲೆ ಹಳೆಯ ಮಾರುಕಟ್ಟೆಯೂ ಕಿರಿದಾಯಿತು. ಒಂದೊಂದು ಕಾರಣವೂ ಸರಿಯೇ. ಎಲ್ಲವೂ ಸೇರಿ ಆಗುತ್ತಿರುವುದು ಮಾತ್ರ ಒಂದು ವಿದ್ಯೆಯ ಸಾವು. ಹೊಗೆಯಿಲ್ಲದ ತಂಗಿಗೆ ಸಿಗುವ ಮನ್ನಣೆಯ ಒಂದು ಪಾಲು ಹೊಗೆಯ ಅಕ್ಕನಿಗೂ ಸಿಗಬೇಕಿತ್ತು.

ಕೊಳ್ಳುವವರಿಗೆ ಒಂದು ಮಾತು. ಜಿನ್ ಜುನ್ ಮೇ ಎಂದು ಕೊಟ್ಟ ಪೊಟ್ಟಣದಲ್ಲಿ ಮೊಗ್ಗೆಲ್ಲ ಬರೀ ಚಿನ್ನದ ಬಣ್ಣವಿದ್ದರೆ ಅನುಮಾನಿಸಿ. ತೊಂಗ್‌ಮುವಿನದು ಕಪ್ಪಿನ ನಡುವೆ ಚಿನ್ನದ ಎಳೆಯಿರುವಂಥದ್ದು. ಹೊಗೆಯ ಚಹಾ ಗಂಟಲು ಕೆರೆಯುವಷ್ಟು ಕಮಟಾಗಿದ್ದರೆ ಅದೂ ಆ ಬೆಟ್ಟದ್ದಾಗಿರಲಾರದು. ಹೆಸರು ಕೇಳಿ ಕೊಳ್ಳಬೇಡಿ, ಯಾವ ಬೆಟ್ಟದ್ದೆಂದು ಕೇಳಿ. ಸಾಧ್ಯವಾದರೆ ಹೊಗೆಯದನ್ನೂ ಒಂದು ಹಿಡಿ ತರಿಸಿಕೊಳ್ಳಿ. ಕುಡಿಯುವವರಿದ್ದರೆ ಮಾಡುವವರು ಉಳಿಯುತ್ತಾರೆ.